ಬಲಗಡೆ ನೆರಳು, ಆದರೂ…

ಧಾರವಾಡದ ಬಸ್ಸು ಬೈಲಹೊಂಗಲದ ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರವಸ್ತ್ರ, ಟವೆಲ್ಲು, ಊಟದ ಚೀಲ ಒಳಗೆ ಬೀಳುತ್ತವೆ. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಾದರೆ ಡ್ರಾಯಿಂಗ್ ಶೀಟಿನ ಕೊಳವೆಯೂ ಸೈ. ಸವದತ್ತಿ, ರಾಮದುರ್ಗದಲ್ಲೂ ಇದೇ ಕಾನೂನು: ಅರಿವಿ ಬಿದ್ದಲ್ಲಿ ಸೀಟು. ಕಿತ್ತೂರಿನವರಿಗೆ ಮಾತ್ರ ಆ ಭಾಗ್ಯ ಕಡಿಮೆ. ಹೆದ್ದಾರಿಯ ಬಸ್ಸುಗಳು ಬೆಳಗಾವಿಯಿಂದಲೇ ತುಂಬಿಕೊಂಡು ಬರುತ್ತವೆ.

ಅಷ್ಟಕ್ಕೂ ಒಳ್ಳೆಯ ಸೀಟು ಯಾವುದು? ಧಾರವಾಡ ಈ ನಾಲ್ಕೂ ಊರುಗಳಿಗೆ ದಕ್ಷಿಣದ ಕಡೆಗಿದೆ. ಬೆಳಿಗ್ಗೆ ಹೋಗುವಾಗ ಪೂರ್ವದ ಬಿಸಿಲು ಎಡಕ್ಕೆ. ಸಂಜೆ ಮರಳುವಾಗ ಪಶ್ಚಿಮದ ಬಿಸಿಲೂ ಎಡಕ್ಕೇ. ಅಂದರೆ ಎರಡೂ ಹೊತ್ತು ಡ್ರೈವರ್ ಕಡೆಯ ಸಾಲಿನಲ್ಲಿ ನೆರಳು. ಹಿಂದಿನ ಗಾಲಿಯ ಮೇಲೆ ಕೂತರೆ ಪ್ರತಿ ತಗ್ಗೂ ಬೆನ್ನಿಗೆ ತಟ್ಟುತ್ತದೆ. ಎರಡು ಆಕ್ಸಲ್‌ಗಳ ನಡುವೆ ಕುಲುಕಾಟ ಕಡಿಮೆ. ಹಾಗಾಗಿ ಬಲಗಡೆ, ನಾಲ್ಕನೆಯದೋ ಐದನೆಯದೋ ಸಾಲು, ಕಿಟಕಿ ಪಕ್ಕ. ಇಂಟರ್ನಲ್ಸ್ ಇದ್ದ ದಿನ ಓದಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನಮ್ಮ ಕ್ಲಾಸಿನ ಹುಡುಗರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಹುಡುಗಿಯರದು ಇಲ್ಲಿಂದ ಶುರು. ಕಿಟಕಿ ಪಕ್ಕ ಕೂತು, ಈಚೆ ಅಪರಿಚಿತ ಗಂಡಸು ಕೂತನೆಂದರೆ ಏಳಲು ದಾರಿಯಿಲ್ಲ. ಈಚೆಯ ಸೀಟು ಹಿಡಿದರೆ ನಿಂತವರ ಭಾರವೆಲ್ಲ ಭುಜದ ಮೇಲೆ. ಅದು ಗದ್ದಲದಿಂದಲೋ ಬೇಕೆಂತಲೋ ಎಂದು ಅರ್ಧ ದಾರಿ ಯೋಚಿಸಬೇಕು. ಹಿಂದಿನ ಸೀಟಿನಿಂದ ಸಂದಿಯಲ್ಲಿ ತೂರಿಬರುವ ಕೈಯನ್ನಂತೂ ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಗೂ ವಿವರಿಸಬೇಕಿಲ್ಲ. ಅದಕ್ಕೇ ನಾವು ಬಿಸಿಲಾದರೂ ಪರವಾಗಿಲ್ಲ ಎಂದು ಅಜ್ಜಿಯೊಬ್ಬಳ ಪಕ್ಕ ಹೋಗಿ ಕೂರುವುದು. ‘ಸ್ವಲ್ಪ ಸರದು ಕೂಡ್ರಬೇ ಯಮ್ಮಾ’ ಅಂದರೆ ಸಾಕು, ಜಾಗವೂ ಸಿಗುತ್ತದೆ, ಒಂದು ಮುಷ್ಟಿ ಶೇಂಗಾವೂ ಸಿಗುತ್ತದೆ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ. ಮನೆಯಿಂದಲೇ ಓಡಾಡಿ ಓದುವವರಿಗೆ ಇದು ಸಣ್ಣ ಮಾತಲ್ಲ. ಆಗಲೇ ಅರ್ಧ ಸೀಟು ಪುರುಷರಿಗೆ ಎಂಬ ನಿಯಮವೂ ಬಂತು. ಗದ್ದಲದಲ್ಲಿ ಎಣಿಸುವವರು ಯಾರು? ಹುಣ್ಣಿಮೆ ಹತ್ತಿರ ಬಂದರೆ ಯಲ್ಲಮ್ಮನ ಗುಡ್ಡದ ಭಕ್ತರ ನಡುವೆ ಸವದತ್ತಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಲ್ಲಲು ಜಾಗ ಸಿಕ್ಕರೂ ಉಧೋ ಉಧೋ.

ದೊಡ್ಡ ಊರಿನಲ್ಲಿ ಲೆಕ್ಕವೇ ಬೇರೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸಿಗೆ ನಿಲ್ದಾಣ ರಸ್ತೆಯ ನಡುವೆ, ಎ.ಸಿ. ಇರುವುದರಿಂದ ಕಿಟಕಿ ಬಂದ್. ಅರಿವಿ ಒಗೆಯುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋದವರಿಗೆ ಮೆಟ್ರೊದಲ್ಲಿ ಮೊದಲ ಬೋಗಿ ಮಹಿಳೆಯರಿಗೆಂದೇ ಇದೆ. ಅಲ್ಲಿ ಎಲ್ಲರೂ ಎದುರುಬದುರು ಕೂತು ಮೊಬೈಲ್ ನೋಡುತ್ತಾರೆ. ಯಾರ ಮಗಳು, ಯಾವ ಊರು ಎಂದು ಕೇಳುವವರಿಲ್ಲ.

ಇದು ನನಗೆ ಇಷ್ಟವೋ ಕಷ್ಟವೋ ಎಂದರೆ ಎರಡೂ. ನಮ್ಮೂರ ಬಸ್ಸಿನಲ್ಲಿ ಯಾರಾದರೂ ಅಡ್ಡಾದಿಡ್ಡಿ ಆಡಿದರೆ ಬೈಯಲು ಪರಿಚಯದವರು ನಾಲ್ಕು ಜನ ಇರುತ್ತಾರೆ. ಅದೇ ನಾಲ್ಕು ಜನ, ಲ್ಯಾಬ್ ರೆಕಾರ್ಡ್ ಬಗ್ಗೆ ಕೇಳಲು ಸಹಪಾಠಿ ಹುಡುಗನ ಪಕ್ಕ ಕೂತರೆ, ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿಸುತ್ತಾರೆ! ನಗರದಲ್ಲಿ ಯಾರ ಪಕ್ಕ ಬೇಕಾದರೂ ಕೂರಬಹುದು, ಆದರೆ ತೊಂದರೆಯಾದರೆ ದನಿ ಎತ್ತಬೇಕಾದವಳು ನಾನೊಬ್ಬಳೇ. ‘ಅಣ್ಣಾ, ಸರಿದು ನಿಲ್ರಿ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುವುದು ನಾವು ರೂಢಿಸಿಕೊಂಡಿರುವ ಮೊದಲ ಅಸ್ತ್ರ. ಬಹುಪಾಲು ಅದಕ್ಕೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಕಂಡಕ್ಟರ್, ಆಮೇಲೆ 112.

ಮೊದಲ ಸೆಮಿಸ್ಟರಿನ ಹುಡುಗಿಯರು ಕೇಳಿದರೆ ನಾವು ಹೇಳಿಕೊಡುವುದಿಷ್ಟು: ಹಗಲು ಬಲಗಡೆ, ನಡುವಿನ ಸಾಲು, ಜೊತೆಗೆ ಗೆಳತಿ. ಕತ್ತಲಾದ ಮೇಲಿನ ಬಸ್ಸಾದರೆ ಬಿಸಿಲು-ನೆರಳಿನ ಮಾತು ಬಿಡಿ, ಕಂಡಕ್ಟರ್ ಹತ್ತಿರ, ದೀಪ ಉರಿಯುವ ಸಾಲು ನೋಡಿ ಕೂಡ್ರಿ.