ಕಾಗದದ ಗಿರಣಿಗೆ ಬಂದ ಸರ್ವರ್‌ಗಳು

ಫಿನ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಮಿನಾ ಎಂಬ ಊರಿದೆ. ಅಲ್ಲಿ ಪತ್ರಿಕೆಗಳಿಗೆ ಕಾಗದ ತಯಾರಿಸುತ್ತಿದ್ದ ಸುಮ್ಮಾ ಗಿರಣಿ 2008ರ ಜನವರಿಯಲ್ಲಿ ಬಾಗಿಲು ಹಾಕಿತು. ಮರುವರ್ಷ ಗೂಗಲ್ ಅದನ್ನು ಸುಮಾರು 4 ಕೋಟಿ ಯೂರೊ ಕೊಟ್ಟು ಕೊಂಡು, 2011ರಲ್ಲಿ ಡೇಟಾ ಸೆಂಟರ್ ಶುರು ಮಾಡಿತು. ಗಿರಣಿಯ 1950ರ ದಶಕದ ಯಂತ್ರಶಾಲೆ ಹೆಸರಾಂತ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ವಿನ್ಯಾಸ. ಗೋಡೆಗಳ ಚೆಂದ ಏನೇ ಇರಲಿ, ನನಗೆ ಅಲ್ಲಿನ ನಿಜವಾದ ಆಸ್ತಿ ಎನಿಸುವುದು ಸಮುದ್ರದಿಂದ ನೀರು ತರಲು ಗಿರಣಿಯವರು ಹಿಂದೆಯೇ ಬಂಡೆ ಕೊರೆದು ಮಾಡಿಟ್ಟ ಸುರಂಗ.

ಸರ್ವರ್‌ಗಳು ಹಗಲಿರುಳು ಬಿಸಿಯಾಗುತ್ತಲೇ ಇರುತ್ತವೆ. ಅವನ್ನು ತಣಿಸುವುದಕ್ಕೇ ಎಷ್ಟೋ ಕಡೆ ಅಪಾರ ವಿದ್ಯುತ್ ಖರ್ಚಾಗುತ್ತದೆ. ಹಮಿನಾದಲ್ಲಿ ಫಿನ್ಲೆಂಡ್ ಕೊಲ್ಲಿಯ ತಣ್ಣನೆಯ ನೀರೇ ಆ ಕೆಲಸ ಮಾಡುತ್ತದೆ. ಉಪ್ಪುನೀರು ಯಂತ್ರಗಳ ಹತ್ತಿರ ಸುಳಿಯುವುದಿಲ್ಲ. ಶಾಖ ವಿನಿಮಯಕದ ಒಂದು ಬದಿಯಲ್ಲಿ ಅದು ಹರಿದರೆ, ಇನ್ನೊಂದು ಬದಿಯಲ್ಲಿ ಸರ್ವರ್‌ಗಳ ಬಿಸಿ ಹೊತ್ತು ತಂದ ಸಿಹಿನೀರು ಹರಿಯುತ್ತದೆ. ನಡುವಿನ ಲೋಹದ ತಗಡು ಬಿಸಿಯನ್ನಷ್ಟೇ ದಾಟಿಸುತ್ತದೆ. ಬೆಚ್ಚಗಾದ ಕಡಲ ನೀರಿಗೆ ಹೊಸದಾಗಿ ತಂದ ತಣ್ಣೀರು ಬೆರೆಸಿ, ಆಮೇಲೆಯೇ ಕೊಲ್ಲಿಗೆ ಬಿಡುತ್ತಾರೆ. ಮೀನಿಗೂ ಪಾಚಿಗೂ ಏಟು ಬೀಳಬಾರದೆಂಬ ಈ ಎಚ್ಚರ ನನಗೆ ಬಹಳ ಮುಖ್ಯವೆನಿಸುತ್ತದೆ.

ಹಮಿನಾದಲ್ಲಿ ನೀರು ಒದಗಿದರೆ, ಹೀಗೆಯೇ ಡೇಟಾ ಸೆಂಟರ್ ಆದ ಅಮೆರಿಕದ ಷಿಕಾಗೊದ ಒಂದು ಕಟ್ಟಡದಲ್ಲಿ ಉಪಯೋಗಕ್ಕೆ ಬಂದದ್ದು ನೆಲದ ಗಟ್ಟಿತನ. 1912ರಿಂದ ಹಂತಹಂತವಾಗಿ ಕಟ್ಟಿದ ಡೊನೆಲಿ ಮುದ್ರಣಾಲಯದಲ್ಲಿ ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗುಗಳು ಅಚ್ಚಾಗುತ್ತಿದ್ದವು. 1993ರಲ್ಲಿ ಕ್ಯಾಟಲಾಗು ನಿಂತಿತು, ಮುದ್ರಣಾಲಯವೂ ಮುಚ್ಚಿತು. ಅಚ್ಚಿನ ಯಂತ್ರಗಳ ಭಾರಕ್ಕೆಂದು ಹಾಕಿದ ಮಹಡಿಗಳು ಇಂದು ಸಾಲು ಸಾಲು ಸರ್ವರ್ ಕಪಾಟುಗಳನ್ನೂ ಬ್ಯಾಟರಿಗಳನ್ನೂ ಹೊತ್ತು ನಿಂತಿವೆ. ಸಾಮಾನ್ಯ ಕಚೇರಿ ಕಟ್ಟಡಕ್ಕೆ ಈ ತಾಕತ್ತು ಇರುವುದಿಲ್ಲ.

ಹಾಗೆಂದು ಪಾಳುಬಿದ್ದ ಪ್ರತಿ ಕಾರ್ಖಾನೆಯೂ ಇದಕ್ಕೆ ಒದಗುವುದಿಲ್ಲ. ಸೋರುವ ಚಾವಣಿ, ಉದುರುವ ಗಾರೆ, ಸಂದುಗೊಂದಿನಲ್ಲಿ ಕೂತ ಹಳೆಯ ದೂಳು ಇವೆಲ್ಲ ಸರ್ವರ್‌ಗೆ ಶತ್ರುಗಳೇ. ಗಾಳಿಯಲ್ಲಿ ತೇವ ಹೆಚ್ಚಾದರೆ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ. ತೀರಾ ಕಡಿಮೆಯಾದರೆ ಸ್ಥಾಯಿ ವಿದ್ಯುತ್ತಿನ ಒಂದು ಕಿಡಿ ಚಿಪ್ಪನ್ನು ಸುಡಬಹುದು. ಸುತ್ತಲಿನ ಗೋಡೆ ಉಳಿಸಿಕೊಂಡು ಒಳಗೆ ಹೊಸ ಕೋಣೆಯನ್ನೇ ಕಟ್ಟಬೇಕಾಗಿ ಬಂದರೆ, ಅಗ್ಗವೆಂದು ಕೊಂಡ ಕಟ್ಟಡ ದುಬಾರಿಯಾಗುತ್ತದೆ. ಹೆಚ್ಚು ಸಾಮರ್ಥ್ಯದ ವಿದ್ಯುತ್ ಮಾರ್ಗ, ನೀರು, ಭಾರ ತಡೆಯುವ ನೆಲ ಇರುವಲ್ಲಿ ಮಾತ್ರ ಆ ಖರ್ಚಿಗೆ ಅರ್ಥವಿದೆ.

2024ರಲ್ಲಿ ಹಮಿನಾದಲ್ಲಿ ಇನ್ನೊಂದು ಯೋಜನೆ ಪ್ರಕಟವಾಯಿತು. ಸರ್ವರ್‌ಗಳ ಬಿಸಿಯನ್ನು ಊರಿನ ಬಿಸಿನೀರ ಕೊಳವೆ ಜಾಲಕ್ಕೆ ಸೇರಿಸಿ, ಮನೆ, ಶಾಲೆಗಳನ್ನು ಬೆಚ್ಚಗಿಡುವ ಯೋಜನೆ ಅದು. ಆ ಜಾಲಕ್ಕೆ ವರ್ಷವಿಡೀ ಬೇಕಾಗುವ ಶಾಖದಲ್ಲಿ ಶೇ 80ರಷ್ಟನ್ನು ಇದೇ ಪೂರೈಸಬೇಕೆಂಬುದು ಗುರಿ; ಗೂಗಲ್ ಅದಕ್ಕೆ ದುಡ್ಡು ಕೇಳುವುದಿಲ್ಲ.