ಮಳೆ ನಕ್ಷತ್ರಕ್ಕೊಂದು ಗ್ರಹವಿದೆಯೇ?

ಜುಲೈ ಮೊದಲ ವಾರದ ಹೊತ್ತಿಗೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತರ ಮಾತಿನಲ್ಲಿ ಪುನರ್ವಸುವಿನ ಹೆಸರು ಕೇಳಿಬರತೊಡಗುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರಾಗಿ, ನೆಲಗಡಲೆಯ ಬಿತ್ತನೆಗೆ ಮಳೆಯೇ ಆಧಾರ. ಮಳೆಗೆ ನಕ್ಷತ್ರದ ಹೆಸರು. ರೋಹಿಣಿ, ಆರಿದ್ರಾ, ಪುನರ್ವಸು, ಬೆಳೆ ಕೊಯ್ಲಿಗೆ ಬರುವ ವೇಳೆಗೆ ಸ್ವಾತಿ. ಹೆಸರನ್ನು ಇಷ್ಟು ಸಲೀಸಾಗಿ ಹೇಳುವ ನಾವು ಆ ನಕ್ಷತ್ರಗಳನ್ನು ಕಣ್ಣಾರೆ ಕಂಡಿರುವುದು ಕಡಿಮೆ. ಪುನರ್ವಸು ಮಳೆಯ ದಿನಗಳಲ್ಲಂತೂ ಅದನ್ನು ಕಾಣುವುದು ಸಾಧ್ಯವೇ ಇಲ್ಲ. ಸೂರ್ಯ ಆ ನಕ್ಷತ್ರದ ನೆರೆಯಲ್ಲಿರುವ ಅವಧಿಯೇ ಆ ಮಳೆಯ ಅವಧಿ. ಅದು ಹಗಲಿನ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ.

ಪುನರ್ವಸು ಎಂದರೆ ಮಿಥುನ ರಾಶಿಯ ಜೋಡಿ ತಾರೆಗಳು: ಪಾಶ್ಚಾತ್ಯರ ಕ್ಯಾಸ್ಟರ್ ಮತ್ತು ಪೋಲಕ್ಸ್. ಇವುಗಳಲ್ಲಿ ಹೆಚ್ಚು ಪ್ರಕಾಶದ ಪೋಲಕ್ಸ್ ನಮ್ಮಿಂದ ಸುಮಾರು 34 ಜ್ಯೋತಿರ್ವರ್ಷ ದೂರದಲ್ಲಿದೆ. ದೈತ್ಯ ತಾರೆಗಳ ಪೈಕಿ ನಮಗೆ ಅತ್ಯಂತ ಸಮೀಪದ್ದು ಇದೇ. ಇದರ ವ್ಯಾಸ ಸೂರ್ಯನ ಒಂಬತ್ತು ಪಟ್ಟು, ಮೈಬಣ್ಣ ಕಿತ್ತಳೆ. ವಿಚಿತ್ರವೆಂದರೆ ವರ್ಷಗಳ ಲೆಕ್ಕದಲ್ಲಿ ಇದು ಸೂರ್ಯನಿಗಿಂತ ಬಹಳ ಕಿರಿಯದು. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷಗಳಾದರೆ ಇದಕ್ಕೆ ನೂರು ಕೋಟಿ ವರ್ಷವೂ ತುಂಬಿಲ್ಲ ಎಂಬ ಅಂದಾಜಿದೆ. ಆದರೂ ಇದು ಮುದಿ ತಾರೆ. ಸೂರ್ಯನ ಸುಮಾರು ಎರಡು ಪಟ್ಟು ದ್ರವ್ಯರಾಶಿ ಹೊತ್ತು ಹುಟ್ಟಿದ್ದರಿಂದ ಒಡಲಿನ ಜಲಜನಕವನ್ನು ಬೇಗನೆ ಉರಿಸಿ ಮುಗಿಸಿತು. ಬಳಿಕ ಉಬ್ಬಿತು, ಮೇಲ್ಮೈ ತಣ್ಣಗಾಯಿತು, ಬಿಳಿಯ ಬಣ್ಣ ಕಿತ್ತಳೆಗೆ ತಿರುಗಿತು. ದುಂದುಗಾರನ ಮನೆಯ ಕಣಜದಂತೆ! ನಮ್ಮ ಸೂರ್ಯನಿಗೂ ಇಂಥದೇ ಗತಿ ಒದಗಲಿದೆ. ಅದಕ್ಕಿನ್ನೂ ಸುಮಾರು ಐನೂರು ಕೋಟಿ ವರ್ಷಗಳಿವೆ.

1993ರಲ್ಲಿ ಆರ್ಟಿ ಹಾಟ್ಜೆಸ್ ಮತ್ತು ವಿಲಿಯಂ ಕಾಕ್ರನ್ ಎಂಬ ಖಗೋಳ ವಿಜ್ಞಾನಿಗಳು ಮೂರು ಕಿತ್ತಳೆ ದೈತ್ಯಗಳ ಚಲನೆಯಲ್ಲಿ ನಿಧಾನಗತಿಯ ಏರಿಳಿತವಿದೆಯೆಂದು ವರದಿ ಮಾಡಿದರು. ಆ ಮೂರರ ಹೆಸರು ಕೇಳಿದರೆ ನಮ್ಮ ರೈತರಿಗೆ ನಗು ಬಂದೀತು: ರೋಹಿಣಿ, ಸ್ವಾತಿ, ಪುನರ್ವಸು. ನಿಲ್ದಾಣ ದಾಟುವ ರೈಲಿನ ಸಿಳ್ಳೆಯ ಸ್ವರ ಬದಲಾಗುವಂತೆ, ನಕ್ಷತ್ರ ನಮ್ಮತ್ತ ಬಂದಾಗ ಅದರ ಬೆಳಕು ತುಸು ನೀಲಿಯ ಕಡೆಗೂ ದೂರ ಸರಿದಾಗ ಕೆಂಪಿನ ಕಡೆಗೂ ಜಾರುತ್ತದೆ. ಪೋಲಕ್ಸ್ ವಿಷಯದಲ್ಲಿ ಈ ತೂಗಾಟ ಸೆಕೆಂಡಿಗೆ ಐವತ್ತು ಮೀಟರಿಗೂ ಕಡಿಮೆ. ಅದು ಸುಮಾರು 590 ದಿನಕ್ಕೊಮ್ಮೆ ಮರುಕಳಿಸುತ್ತಿದ್ದುದನ್ನು ವರ್ಷಗಟ್ಟಲೆ ಅಳೆದು, 2006ರಲ್ಲಿ ಎರಡು ತಂಡಗಳು ಗುರುಗ್ರಹದ ಎರಡು ಪಟ್ಟಿಗೂ ಮೀರಿದ ತೂಕದ ಗ್ರಹವೊಂದು ಅದನ್ನು ಸುತ್ತುತ್ತಿದೆಯೆಂದು ಪ್ರಕಟಿಸಿದವು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದಕ್ಕೆ ಥೆಸ್ಟಿಯಾಸ್ ಎಂದು ನಾಮಕರಣವನ್ನೂ ಮಾಡಿತು.

ನಾಮಕರಣವಾದ ಮೇಲೆ ಕೂಸೇ ಇಲ್ಲವೇನೋ ಎಂಬ ಮಾತು ಬಂತು. ಪೋಲಕ್ಸ್‌ನಲ್ಲಿ ಒಂದು ಗಾಸ್‌ಗಿಂತಲೂ ದುರ್ಬಲವಾದ ಕಾಂತಕ್ಷೇತ್ರವಿದೆ. ಅದರ ಬದಲಾವಣೆಯ ಅವಧಿಯೂ ಆರುನೂರು ದಿನಗಳ ಆಸುಪಾಸಿನದೇ ಎಂದು ತೋರಿಸಿದ ತಂಡವೊಂದು, ಗ್ರಹದ ಕುರುಹೆಂದು ನಾವು ತಿಳಿದದ್ದು ನಕ್ಷತ್ರದ ಮೈಮೇಲಿನ ಆಟವೇ ಇರಬಹುದೆಂದು 2021ರಲ್ಲಿ ವಾದಿಸಿತು. ರೋಹಿಣಿಯ ಕಥೆಯೂ ಹೀಗೆಯೇ. 2015ರಲ್ಲಿ ಅಲ್ಲಿ ಗ್ರಹವಿದೆಯೆಂದರು. 2019ರ ವಿಶ್ಲೇಷಣೆ ಅದನ್ನು ಅನುಮಾನಕ್ಕೆ ಒಡ್ಡಿತು. ಗ್ರಹ ಸಿಕ್ಕಿತೆಂಬ ಸುದ್ದಿ ಮುಖಪುಟಕ್ಕೆ ಬರುತ್ತದೆ, ಅನುಮಾನದ ಸುದ್ದಿ ಯಾವ ಪುಟಕ್ಕೂ ಬರುವುದಿಲ್ಲ. ನಾನೂ ಈ ಗ್ರಹದ ಬಗ್ಗೆ ಶಾಲಾ ಮಕ್ಕಳೆದುರು ನಿಸ್ಸಂಶಯವಾಗಿ ಮಾತನಾಡಿದ್ದುಂಟು. ಈಗ ಆ ಮಾತಿಗೆ ತಿದ್ದುಪಡಿ ಅಗತ್ಯ.

ಇಂಥ ಸಂಶಯಕ್ಕೆ ಈ ಜಿಲ್ಲೆಯ ನೆಲವೇನೂ ಅಪರಿಚಿತವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಬದುಕಿನುದ್ದಕ್ಕೂ ಹೇಳುತ್ತ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ವಿವಾದವನ್ನೂ ಎದುರಿಸಿದರು. ಸರಿಸುಮಾರು ಅದೇ ಕಾಲಕ್ಕೆ ಅವರದೇ ತಾಲ್ಲೂಕಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಜೊತೆಗೂಡಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಹರಡಿದ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಪೂರ್ವ–ಪಶ್ಚಿಮ ಬಾಹುವೊಂದೇ ಸುಮಾರು 1.4 ಕಿ.ಮೀ. ಉದ್ದ. 1997ರಿಂದ ಅಲ್ಲಿ ಸೂರ್ಯನ ಹೊರಾವರಣದ ರೇಡಿಯೋ ಚಿತ್ರ ತೆಗೆಯುವ ಉಪಕರಣವಿದೆ. ಸೂರ್ಯನ ಕಾಂತಕ್ಷೇತ್ರ ಸಿಡಿದಾಗ ಹೊಮ್ಮುವ ಅಲೆಗಳನ್ನು ಅದು ಗ್ರಹಿಸುತ್ತದೆ. ಪೋಲಕ್ಸ್ ಪ್ರಶ್ನೆಯೂ ಕಡೆಗೆ ಬಂದು ನಿಂತಿರುವುದು ಕಾಂತಕ್ಷೇತ್ರದಲ್ಲಿಯೇ. ನಕ್ಷತ್ರದ ಚಂಚಲತೆ ಯಾವುದು, ಗ್ರಹದ ಸೆಳೆತ ಯಾವುದು ಎಂದು ಬೇರ್ಪಡಿಸಲು, ಮೈಯನ್ನು ವಿವರವಾಗಿ ಕಾಣಬಲ್ಲ ನಮ್ಮ ಏಕೈಕ ನಕ್ಷತ್ರವಾದ ಸೂರ್ಯನೇ ಪಾಠಶಾಲೆ. ಜಿಲ್ಲೆಯ ಎಷ್ಟು ಶಾಲೆಗಳ ಮಕ್ಕಳು ಆ ಬಯಲನ್ನು ನೋಡಿ ಬಂದಿದ್ದಾರೋ!

ಪುನರ್ವಸುವನ್ನು ನೋಡಲು ಮಾತ್ರ ಯಾವ ದೂರದರ್ಶಕವೂ ಬೇಡ. ಜನವರಿ ನಡುವಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೇಟೆಯ ದೀಪಗಳಿಂದ ತುಸು ದೂರ ನಿಂತು ಈಶಾನ್ಯದತ್ತ ಕಣ್ಣು ಹಾಯಿಸಿದರೆ ಒತ್ತೊತ್ತಾಗಿ ಎರಡು ತಾರೆಗಳು ಕಾಣುತ್ತವೆ. ಎಡಗಡೆಯದು ಬಿಳಿ, ಬಲಗಡೆಯ, ಸ್ವಲ್ಪ ಹೆಚ್ಚು ಬೆಳಗುವ ಕಿತ್ತಳೆಯದೇ ಪೋಲಕ್ಸ್. ಆ ಬೆಳಕು ಅಲ್ಲಿಂದ ಹೊರಟಾಗ ಅದಕ್ಕೊಂದು ಗ್ರಹವಿದೆಯೆಂಬ ವಾದವಿನ್ನೂ ಶುರುವಾಗಿರಲಿಲ್ಲ.