ಜಗಲಿಗೆ ಮೊದಲು ನೀರಿನ ದಾರಿ

ಇಲವಾಲದ ಸುತ್ತ, ಹುಣಸೂರು ರಸ್ತೆಯ ಆಚೀಚೆ, ಹೊಲಗಳೆಲ್ಲ ಸೈಟುಗಳಾಗುತ್ತಿವೆ. ಗಡಿಕಲ್ಲು ನೆಟ್ಟು ಬಣ್ಣ ಬಳಿದ ಮಾತ್ರಕ್ಕೆ ಹೊಲದ ಇಳಿಜಾರು ಎಲ್ಲಿಗೆ ಹೋದೀತು? ನಮ್ಮ ಮನೆಯ ಪಕ್ಕದಲ್ಲಿ ನೆಲ ಇಪ್ಪತ್ತು ಅಡಿಗೆ ಮೂರು ಅಡಿ ಇಳಿಯುತ್ತದೆ. ಕುರ್ಚಿ ಹಾಕಿದರೆ ವಾಲುತ್ತಿತ್ತು; ಪಾತಿಯ ಮಣ್ಣು ಪ್ರತಿ ಮಳೆಗೂ ಬೇಲಿ ದಾಟುತ್ತಿತ್ತು. ಸಂಜೆ ಕೂತು ಕಾಫಿ ಕುಡಿಯಲು, ಅಂಚಿಗೆ ಮಲ್ಲಿಗೆ ಹಬ್ಬಿಸಲು ಮಟ್ಟವಾದ ಒಂದು ಜಗಲಿ ಬೇಕೆನಿಸಿತು.

ಮೊದಲು ಕಟ್ಟಿದ್ದು ನಿಲ್ಲಲಿಲ್ಲ. ಆರು ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ, ಹಿಂದೆ ಮಣ್ಣು ಸುರಿದು, ವಾರದೊಳಗೆ ಟೈಲ್ಸ್ ಹಾಕಿಸಿದ್ದೆವು. ಮೇ ತಿಂಗಳ ಎರಡು ಜೋರು ಮಳೆಗೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು, ಮೂರನೆಯದಕ್ಕೆ ಮಲಗಿತು. ಮಣ್ಣಿನ ಭಾರಕ್ಕೆ ಬಿತ್ತು ಅಂದುಕೊಂಡೆವು. ಹೊಸದಾಗಿ ಬಂದ ಹಿರಿಯ ಮೇಸ್ತ್ರಿ ಒದ್ದೆ ಮಣ್ಣನ್ನು ಹಿಂಡಿ ತೋರಿಸಿ, "ಇದು ಮಣ್ಣಿನ ಕೆಲ್ಸ ಅಲ್ಲ ಸಾ, ನೀರಿಂದು. ದಾರಿ ಬುಡ್ನಿಲ್ಲ, ಅದೇ ಮಾಡ್ಕತು" ಎಂದರು.

ಲೆಕ್ಕ ಹಾಕಿದರೂ ಅವರ ಮಾತೇ ಸರಿ. 1 ಮೀಟರ್ ಎತ್ತರದ ಗೋಡೆಯನ್ನು, ಪ್ರತಿ ಮೀಟರ್ ಉದ್ದಕ್ಕೆ, ಒಣಗಿದ ಮಣ್ಣು ಸುಮಾರು 300 ಕಿಲೋ ಭಾರದಷ್ಟು ನೂಕುತ್ತದೆ. ಹಿಂದೆ ನೀರು ತುಂಬಿ ನಿಂತರೆ ಆ ನೀರೊಂದೇ 500 ಕಿಲೋ ಹತ್ತಿರ ನೂಕುತ್ತದೆ. ಗೋಡೆಯ ಎತ್ತರ ಎರಡರಷ್ಟಾದರೆ ಈ ನೂಕು ನಾಲ್ಕರಷ್ಟು. ಹೊಲದ ಬದುವಿಗೆ ನಮ್ಮ ಹಿರಿಯರು ಗಾರೆಯಿಲ್ಲದೆ ಕಲ್ಲು ಪೇರಿಸಿದ್ದು ಬಡತನಕ್ಕೆ ಎಂದೇ ನಾನು ತಿಳಿದಿದ್ದೆ. ಸಂದುಸಂದಿನಲ್ಲೂ ನೀರು ಸೋರಿಹೋಗುವ ಆ ಕಟ್ಟೆಗಳ ಜಾಣ್ಮೆ ಅರ್ಥವಾಗಲು ಒಂದು ಗೋಡೆ ಕಳೆದುಕೊಳ್ಳಬೇಕಾಯಿತು.

ಎರಡನೆಯ ಸಲ ಸೈಜುಗಲ್ಲು. ಗಟ್ಟಿ ನೆಲ ಸಿಗುವವರೆಗೆ ಪಾಯ ತೆಗೆದು, ಬುಡವನ್ನು ಎತ್ತರದ ಅರ್ಧಕ್ಕಿಂತ ಹೆಚ್ಚು ಅಗಲ ಇಟ್ಟು, ಗೋಡೆಯ ಮುಖವನ್ನು ತುಸು ಒಳಕ್ಕೆ ವಾಲಿಸಿದರು. ನಾಲ್ಕು ಅಡಿಗೊಂದರಂತೆ ಹೊರಕ್ಕೆ ಬಾಗಿದ ಮೂರಿಂಚಿನ ಪಿವಿಸಿ ಪೈಪು. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆ. ಮೇಲಿನ ಗೊಬ್ಬರದ ಮಣ್ಣನ್ನು ಪಾತಿಗೆಂದು ಬೇರೆ ತೆಗೆದಿಟ್ಟು, ಗರಸು ಮಣ್ಣನ್ನು ಆರಾರು ಇಂಚು ಹರಡಿ, ನೀರು ಚಿಮುಕಿಸಿ, ದಿಮ್ಮಸು ಹಾಕಿದರು. ಒಂದು ಮಳೆಗಾಲ ಹಾಗೇ ಬಿಟ್ಟೆವು. ಆ ಕಾಯುವಿಕೆ ಕಷ್ಟ, ಆದರೆ ತಪ್ಪಿಸಬಾರದು. ಆಮೇಲೆ ಮರಳಿನ ಮೇಲೆ ಚಪ್ಪಡಿ, ಮನೆಯಿಂದ ಹೊರಕ್ಕೆ ಐದಡಿಗೆ ಒಂದಿಂಚು ಇಳಿಜಾರು. ಜಗಲಿಯ ಮಟ್ಟ ಮನೆಯ ತಳಪಾಯದ ನೆತ್ತಿಗಿಂತ ಅರ್ಧ ಅಡಿ ಕೆಳಗೇ ಇರಲಿ, ಇಲ್ಲದಿದ್ದರೆ ಥಂಡಿ ಗೋಡೆ ಹತ್ತುತ್ತದೆ.

ಇಳಿಜಾರನ್ನು ಮೆಟ್ಟಿಲು ಮಾಡಿದ ದೊಡ್ಡ ತೋಟ ನಮಗೆ ದೂರವೇನಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಬೃಂದಾವನ, ಕನ್ನಂಬಾಡಿ ಕಟ್ಟೆಯ ಕೆಳಗೆ ಮೂರು ಹಂತಗಳಲ್ಲಿ ಇಳಿಯುತ್ತದೆ. ಚಿಕ್ಕಂದಿನಿಂದ ಅಲ್ಲಿ ದೀಪ, ಕಾರಂಜಿಗಳನ್ನಷ್ಟೇ ನೋಡಿದ್ದೆ. ಈಗ ಹೋದರೆ ಕಣ್ಣು ಹಂತದಿಂದ ಹಂತಕ್ಕೆ ನೀರು ಇಳಿಯುವ ಕಾಲುವೆಗಳ ಮೇಲೆ ನಿಲ್ಲುತ್ತದೆ.

ಅಕ್ಟೋಬರಿನಲ್ಲಿ ರಾತ್ರಿಯಿಡೀ ಮಳೆ ಹಿಡಿದಿತ್ತು. ಬೆಳಗ್ಗೆ ಟಾರ್ಚು ಹಿಡಿದು ಕೆಳಗಿಳಿದು ನೋಡಿದೆ. ಐದೂ ಪೈಪಿನಿಂದ ಬೆರಳುದಪ್ಪ ನೀರು ಬೀಳುತ್ತಿತ್ತು, ಕೆಂಪಾಗಿ ಅಲ್ಲ, ತಿಳಿಯಾಗಿ. ಕೆಳಗಿನ ಬಾಳೆಯ ಬುಡ ತುಂಬಿಕೊಂಡಿತ್ತು.